ಎದುರಿನ ಕುರ್ಚಿ

ನನ್ನ ಜೊತೆಗಾರನಾಗಿ ಎದುರಿಗೆ ಕೂತು ಎಲೆ ಆಡುವುದು ಸುಲಭದ ಕೆಲಸವಲ್ಲ. ಇದನ್ನು ನಾನು ಹೇಳಬಹುದು. ಬೇರೆಯವರು ಹೇಳಿದರೆ ಜಗಳವಾಗುತ್ತದೆ.

ನನ್ನ ಹೆಸರು ಅರ್ಲೀನ್ ಪೆಟ್‌ವೇ. ಅಲಬಾಮಾದ ಹಳ್ಳಿಯೊಂದರ ಶಾಲೆಯಲ್ಲಿ ಓದಿದವಳು. ಈಗ ಅದೇ ಕೌಂಟಿಯ ಶಾಲೆಗಳ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುತ್ತೇನೆ. ವಯಸ್ಸು ಐವತ್ತರ ಹೊಸ್ತಿಲಲ್ಲಿದೆ. ನಮ್ಮ ಆಫೀಸಿನಲ್ಲಿ ಕಪ್ಪು ಮುಖ ನನ್ನದೊಂದೇ. ಹಾಗಾಗಿ ವರ್ಷಕ್ಕೊಮ್ಮೆ ಅಟ್ಲಾಂಟಾದಲ್ಲಿ ನಡೆಯುವ ಕಪ್ಪು ತಂತ್ರಜ್ಞರ ಸಮ್ಮೇಳನಕ್ಕೆ ಹೋಗುವುದೆಂದರೆ ನನಗೆ ತವರಿಗೆ ಹೋದ ಹಾಗೆ. ಅಲ್ಲಿ ನನ್ನ ಕೂದಲನ್ನು ಮುಟ್ಟಿ ನೋಡಲೇ ಎಂದು ಯಾರೂ ಕೇಳುವುದಿಲ್ಲ. ಜೋರಾಗಿ ನಕ್ಕರೆ ಯಾರೂ ತಿರುಗಿ ನೋಡುವುದಿಲ್ಲ. ನನಗಿಂತ ಜೋರಾಗಿ ನಗುವವರೇ ಅಲ್ಲಿ ತುಂಬಿರುತ್ತಾರೆ.

ಹಗಲಿಡೀ ಭಾಷಣ, ಚರ್ಚೆ, ಕೆಲಸ ಕೊಡುವ ಕಂಪನಿಗಳ ಸ್ಟಾಲು. ಗುರುವಾರ ಸಂಜೆ ಮಾತ್ರ ಸ್ಪೇಡ್ಸ್ ಎಂಬ ಎಲೆಯಾಟದ ಪಂದ್ಯ. ನಿಜ ಹೇಳಿದರೆ, ನಾನು ಹೋಗುವುದು ಆ ಸಂಜೆಗಾಗಿ.

ಆ ವರ್ಷ ನನ್ನ ಖಾಯಂ ಜೊತೆಗಾರ್ತಿ, ನನ್ನ ಚಿಕ್ಕಪ್ಪನ ಮಗಳು, ಬರಲಿಲ್ಲ. ಅವಳ ಮಗಳಿಗೆ ಹೆರಿಗೆಯಾಗಿತ್ತು. ಪಂದ್ಯ ನಡೆಸುವ ಮಿಸ್ ಜೊಯೆಟಾ ನನಗೆ ಬೇರೆ ಜೊತೆ ಹುಡುಕಿಕೊಡುತ್ತೇನೆ ಎಂದಿದ್ದಳು. ಹುಡುಕಿ ತಂದದ್ದು ಹೋಸಿಯಾ ಟಾಲಿವರ್ ಎಂಬವನನ್ನು.

ಉದ್ದನೆಯ ಆಳು. ಗಡ್ಡದಲ್ಲಿ ಅಲ್ಲಲ್ಲಿ ಬಿಳಿ. ಎಲ್ಲರೂ ತಮ್ಮ ತಮ್ಮ ಕಾಲೇಜಿನ ಟಿ ಶರ್ಟು ತೊಟ್ಟು ಬಂದಿದ್ದರೆ ಇವನೊಬ್ಬ ಸೂಟು, ಟೈ, ಮೇಲಿನ ಗುಂಡಿಯನ್ನೂ ಬಿಚ್ಚಿರಲಿಲ್ಲ.

"ಇವರು ಆಡ್ತಾರಾ?" ಎಂದು ನಾನು ಮಿಸ್ ಜೊಯೆಟಾಳನ್ನು ಕೇಳಿದೆ.

"ಆಡ್ತಾರೆ ಆಡ್ತಾರೆ," ಎಂದಳು ಅವಳು, ಚಾವಣಿ ನೋಡುತ್ತ.

"ಎಲ್ಲಿಯವರು ನೀವು?"

"ಕಾನ್ಸಾಸ್ ಸಿಟಿ. ಆಸ್ಪತ್ರೆಗಳ ಕಂಪ್ಯೂಟರಿಗೆ ಕಳ್ಳರು ನುಗ್ಗದ ಹಾಗೆ ಕಾಯೋದು ನನ್ನ ಕೆಲಸ. ನಾಳೆ ಬೆಳಿಗ್ಗೆ ಅದರ ಮೇಲೆ ನನ್ನ ಭಾಷಣ ಇದೆ."

"ಭಾಷಣ ನಾಳೆ ಆಯ್ತು. ಸ್ಪೇಡ್ಸ್ ಬರುತ್ತಾ?"

"ಸ್ವಲ್ಪ."

"ಸ್ವಲ್ಪ ಅಂದ್ರೆ? ಸ್ವಲ್ಪ ಈಜು ಬರುತ್ತೆ ಅನ್ನೋರನ್ನ ನಾನು ಹೊಳೆಗೆ ಇಳಿಸೋಳಲ್ಲ."

"ಮುಳುಗಲ್ಲ ಅನ್ಸುತ್ತೆ, ಮಿಸ್ ಅರ್ಲೀನ್."

"ನೀವು ಮುಳುಗೋದು ನಂಗೆ ಚಿಂತೆ ಇಲ್ಲ. ನನ್ನ ಕಾಲು ಹಿಡ್ಕೊಂಡು ಮುಳುಗ್ತೀರಲ್ಲ, ಅದು ಚಿಂತೆ."

ಅವನಿಗೆ ನಗು ತಡವಾಗಿ ಬಂತು. ಮೊದಲು ಕಣ್ಣಿಗೆ, ಆಮೇಲೆ ಗಡ್ಡಕ್ಕೆ, ಕೊನೆಗೆ ಭುಜಕ್ಕೆ. ಸದ್ದು ಮಾತ್ರ ಬರಲಿಲ್ಲ. ಇಷ್ಟು ದೊಡ್ಡ ಮನುಷ್ಯ ಇಷ್ಟು ಮೆತ್ತಗೆ ನಗುವುದನ್ನು ನಾನು ಕಂಡಿರಲಿಲ್ಲ. ಚೆನ್ನಾಗಿದೆ ಅನ್ನಿಸಿತು. ಅನ್ನಿಸಿದ್ದಕ್ಕೆ ನನ್ನ ಮೇಲೆಯೇ ಸಿಟ್ಟು ಬಂತು.

ಸ್ಪೇಡ್ಸ್ ಗೊತ್ತಿಲ್ಲದವರಿಗೆ ಇಷ್ಟು ಹೇಳುತ್ತೇನೆ. ನಾಲ್ಕು ಜನ, ಎದುರುಬದುರು ಕೂತವರು ಜೊತೆಗಾರರು. ಇಸ್ಪೀಟು, ಅಂದರೆ ಸ್ಪೇಡ್ ಎಲೆಯೇ, ಯಾವಾಗಲೂ ತುರುಫು, ಬೇರೆಲ್ಲ ಎಲೆಯನ್ನೂ ಹೊಡೆಯುತ್ತದೆ. ಒಬ್ಬ ಹಾರ್ಟ್ ಇಳಿಸಿದರೆ ನೀವೂ ಹಾರ್ಟ್ ಹಾಕಬೇಕು. ಕೈಯಲ್ಲಿ ಹಾರ್ಟ್ ಇಲ್ಲದಿದ್ದರೆ ಮಾತ್ರ ಇಸ್ಪೀಟು ಹೊಡೆಯಬಹುದು. ಇಟ್ಟುಕೊಂಡೂ ಹಾಕದಿದ್ದರೆ ಅದು ಕಳ್ಳಾಟ. ಗೆದ್ದ ಸುತ್ತುಗಳಲ್ಲಿ ಮೂರನ್ನು ಕಿತ್ತುಕೊಳ್ಳುತ್ತಾರೆ. ಸುತ್ತು ಹೋದರೆ ಹೋಗಲಿ, ಮಾನ ಹೋಗುತ್ತದೆ. ನಮ್ಮಲ್ಲಿ ಈ ಆಟವನ್ನು ಯಾರೂ ಕಲಿಸುವುದಿಲ್ಲ, ಯಾರೂ ಕಲಿಯುವುದಿಲ್ಲ. ಅಜ್ಜಿಯ ಮನೆಯ ಅಡುಗೆಕೋಣೆಯಲ್ಲಿ ದೊಡ್ಡವರ ಬೆನ್ನ ಹಿಂದೆ ನಿಂತು ನಿಂತು ಅದು ಬಂದುಬಿಡುತ್ತದೆ. ತಲೆ ನರೆತ ಗಂಡಸೊಬ್ಬ ತನಗೆ ಸ್ಪೇಡ್ಸ್ ಬರುವುದಿಲ್ಲ ಎಂದರೆ, ಇವನನ್ನು ಸಾಕಿದವರು ಯಾರು ಎಂದು ಜನ ವಿಚಾರಿಸುತ್ತಾರೆ.

ಇನ್ನೊಂದು ಮಾತು. ಜೊತೆಗಾರರು ಒಬ್ಬರಿಗೊಬ್ಬರು ಸನ್ನೆ ಮಾಡುವಂತಿಲ್ಲ. ಅದೂ ಕಳ್ಳಾಟವೇ. ಆದರೆ ನೋಡುವುದು ಸನ್ನೆಯಲ್ಲ. ಎದುರಿಗಿರುವವರ ಮುಖ ನೋಡದೆ ಮೇಜಿನ ಕಾಲು ನೋಡಬೇಕೇ? ನಾನು ಹುಟ್ಟಿದಾಗಿನಿಂದ ಜೊತೆಗಾರರ ಕಣ್ಣು ಓದಿಕೊಂಡೇ ಆಡಿದವಳು.

ಹೋಸಿಯಾನ ಕಣ್ಣು ಓದುವುದಂತೂ ಬಹಳ ಸುಲಭವಾಗಿತ್ತು. ಯಾಕೆಂದರೆ ಅವು ನನ್ನ ಮೇಲಿನಿಂದ ಏಳುತ್ತಲೇ ಇರಲಿಲ್ಲ.

ಮೊದಲ ಆಟ ಡೆಟ್ರಾಯಿಟಿನ ಇಬ್ಬರು ಹುಡುಗಿಯರ ಮೇಲೆ. ಎಲೆ ಹಂಚಿ ಆಗಿತ್ತು. ಏನು ಇಳಿಸಲಿ ಎಂದು ನಾನು ತಲೆಯೆತ್ತಿದೆ. ಅವನು ನನ್ನ ಕಿವಿಯ ಹರಳನ್ನೇ ನೋಡುತ್ತಿದ್ದ. ಓಹೋ, ಡೈಮಂಡ್. ಇಳಿಸಿದೆ. ಅವನ ಕೈಯಿಂದ ಡೈಮಂಡಿನ ಎಕ್ಕ ಬಿತ್ತು. ನನ್ನ ಮೈಯೆಲ್ಲ ಜುಮ್ಮೆಂದಿತು.

ಇನ್ನೊಂದು ಸುತ್ತಿನಲ್ಲಿ ನಮ್ಮ ನೋಟ ಕೂಡಿತು. ಅವನು ತಟ್ಟನೆ ಕಣ್ಣು ತಗ್ಗಿಸಿದ. ಕೈಯಲ್ಲಿ ಏನೂ ಇಲ್ಲ ಎನ್ನುತ್ತಿದ್ದಾನೆ ಎಂದು ನಾನು ಹುಷಾರಾದೆ. ಆಮೇಲೊಮ್ಮೆ ಟೈ ಸಡಿಲಿಸುವವನಂತೆ ಎದೆಯ ಮೇಲೆ ಕೈಯಿಟ್ಟುಕೊಂಡ. ಹಾರ್ಟ್. ನಾನು ರಾಜನನ್ನು ಇಳಿಸಿದೆ. ಗೆದ್ದೆವು.

"ಅಕ್ಕ, ಇವರನ್ನ ಎಲ್ಲಿ ಬಚ್ಚಿಟ್ಟಿದ್ರಿ ಇಷ್ಟು ದಿನ?" ಎಂದು ಡೆಟ್ರಾಯಿಟಿನ ಒಬ್ಬಳು ಎದ್ದು ನಿಂತು ಕೇಳಿದಳು.

"ನಂಗೂ ಇವತ್ತೇ ಸಿಕ್ಕಿದ್ದು, ಮಗಳೇ."

ಅದನ್ನು ಕೇಳಿ ಅವನ ಕಿವಿಯ ತುದಿ ಬಿಸಿಯಾದದ್ದು ಮೇಜಿನ ಈಚೆಯಿಂದಲೇ ನನಗೆ ಗೊತ್ತಾಯಿತು. ಅದನ್ನೂ ಒಂದು ಎಲೆ ಎಂದೇ ಲೆಕ್ಕ ಹಾಕಿದ್ದೆ, ಯಾವ ಎಲೆ ಎಂದು ಮಾತ್ರ ತಿಳಿದಿರಲಿಲ್ಲ.

ಎರಡನೆಯ ಆಟವೂ ನಮ್ಮದಾಯಿತು. ನಡುವೆ ಬಿಡುವಿನಲ್ಲಿ ಅವನು ನನಗೆ ಐಸ್ ಹಾಕಿದ ಸಿಹಿ ಟೀ ತಂದುಕೊಟ್ಟ, ಲೋಟದ ಸುತ್ತ ಕಾಗದ ಸುತ್ತಿ, ಕೈ ತಣ್ಣಗಾಗದ ಹಾಗೆ.

"ಮಾತು ಕಮ್ಮಿ ನಿಮ್ಮದು," ಎಂದೆ.

"ನಿಮ್ಮ ಮಾತು ಕೇಳೋದೇ ಸಾಕಾಗುತ್ತೆ. ಆ ಹುಡುಗಿಗೆ ಏನಂದ್ರಿ? 'ಎಲೆ ಹಿಡ್ಕೊಳೋ ಕೈ ನೋಡು, ಚರ್ಚಿನಲ್ಲಿ ಬೀಸಣಿಗೆ ಹಿಡ್ದ ಹಾಗಿದೆ' ಅಂತ."

"ಆಟದಲ್ಲಿ ಬೈಗುಳ ಉಪ್ಪಿದ್ದ ಹಾಗೆ. ಬೇಜಾರಾಯ್ತಾ?"

"ಇಲ್ಲ. ನನಗೂ ಒಂದು ಬೀಳ್ಲಿ ಅಂತ ಕಾಯ್ತಿದೀನಿ. ಇಷ್ಟು ಹೊತ್ತಾದ್ರೂ ಬಿದ್ದಿಲ್ಲ."

"ತಪ್ಪು ಮಾಡಿ, ಬೀಳುತ್ತೆ."

ಅವನು ನನ್ನ ಮುಖವನ್ನೇ ನೋಡಿದ. ಯಾವ ಎಲೆಯೂ ಕೈಯಲ್ಲಿರಲಿಲ್ಲ, ಆದರೂ ನೋಡಿದ. ನಾನು ಟೀ ಕುಡಿಯುವ ನೆವದಲ್ಲಿ ಲೋಟದೊಳಗೆ ಮುಖ ಹುದುಗಿಸಿದೆ. ಆ ವಯಸ್ಸಿನಲ್ಲಿ, ಅಷ್ಟು ಜನರ ನಡುವೆ, ಒಂದು ಲೋಟ ಟೀ ಮುಗಿಸಲು ನಾನು ಅಷ್ಟು ಹೊತ್ತು ತೆಗೆದುಕೊಂಡದ್ದು ಅದೇ ಮೊದಲು.

ಕೊನೆಯ ಆಟ ಕ್ಲೀವನ್ ಮೇಲೆ.

ಕ್ಲೀವನ್ ನನ್ನ ಮಾಜಿ ಗಂಡ. ಸರ್ವರ್ ಮಾರುವ ಕಂಪನಿಯಲ್ಲಿ ಕೆಲಸ. ಆಟದಲ್ಲಿ ಪಳಗಿದ ಕೈ, ಅದನ್ನು ಇಲ್ಲ ಎನ್ನಲಾರೆ. ಮನೆ ಬಿಟ್ಟು ಹೋಗುವ ದಿನ, ಪೆಟ್ಟಿಗೆಯನ್ನು ಕಾರಿಗಿಟ್ಟು ಬಂದು ಬಾಗಿಲಲ್ಲಿ ನಿಂತು ಹೇಳಿದ್ದ: "ಈ ಬಾಯಿ ಇಟ್ಕೊಂಡು ಕಾಯ್ತಾ ಇರು. ನಿನ್ನ ಎದುರಿಗೆ ಕೂರೋ ಗಂಡಸು ಇನ್ನೂ ಹುಟ್ಟಿಲ್ಲ, ಅರ್ಲೀನ್." ಆಮೇಲೆ ವರ್ಷಗಳು ಕಳೆದವು. ನಾನು ಆ ಮಾತನ್ನು ಸುಳ್ಳು ಎಂದು ಜೋರಾಗಿಯೇ ಹೇಳುತ್ತ ಬಂದೆ. ಆದರೆ ಎದುರಿನ ಕುರ್ಚಿಗೆ ಯಾರೂ ಬಂದಿರಲಿಲ್ಲ. ಬಂದವರು ಊಟ ಮುಗಿಯುವ ಮೊದಲೇ ಗಡಿಯಾರ ನೋಡಿಕೊಂಡಿದ್ದರು.

ಈಗ ಕ್ಲೀವನ್ ತನ್ನ ಜೊತೆಗಾರ ಬೂಕರನೊಂದಿಗೆ ಬಂದು ಕೂತ. ಹೋಸಿಯಾನನ್ನು ಟೈಯಿಂದ ಬೂಟಿನವರೆಗೆ ಅಳೆದ.

"ಬ್ರದರ್, ವಿಮೆ ಮಾಡ್ಸಿದೀರಾ?"

"ಯಾಕೆ?" ಎಂದ ಹೋಸಿಯಾ.

"ಇವಳ ಎದುರಿಗೆ ಕೂತಿದೀರಲ್ಲ, ಅದಕ್ಕೆ."

"ಎಲೆ ಹಂಚು, ಕ್ಲೀವನ್. ನಿನ್ನ ನಾಲಿಗೆ ಆಮೇಲೆ ಹಂಚುವಿಯಂತೆ," ಎಂದೆ. ಸುತ್ತ ನಿಂತವರು ನಕ್ಕರು.

ಆಟ ಸಮಸಮವಾಗಿ ನಡೆಯಿತು. ಜನ ಮೂರು ಸಾಲಾಗಿ ನಿಂತಿದ್ದರು. ಕ್ಲೀವನ್ ಹಾರ್ಟಿನ ಎಕ್ಕ ಇಳಿಸಿದ. ಅದು ಅವನದೇ ಸುತ್ತು ಎಂದು ಎಲ್ಲರೂ ತಿಳಿದಿದ್ದರು. ಹೋಸಿಯಾ ಮೆಲ್ಲಗೆ ಒಂದು ಸಣ್ಣ ಇಸ್ಪೀಟು ಇಟ್ಟು ಅದನ್ನು ಹೊಡೆದ. ನಾನು ಕುರ್ಚಿಯಿಂದ ಅರ್ಧ ಎದ್ದೇಬಿಟ್ಟೆ. ಜನ ಕೂಗಿದರು. ಗೆಲುವು ನಮ್ಮ ಅಂಗೈಯಲ್ಲಿ ಕೂತಿತ್ತು.

ಅದಾಗಿ ಸ್ವಲ್ಪ ಹೊತ್ತಿಗೆ ಹೋಸಿಯಾ, ಏನೂ ಆಗದವನಂತೆ, ಕೈಯಿಂದ ಹಾರ್ಟಿನ ರಾಣಿಯನ್ನು ತೆಗೆದು ಮೇಜಿನ ಮೇಲಿಟ್ಟ.

ಬೂಕರನ ಕಣ್ಣು ದೊಡ್ಡದಾಯಿತು. ಕ್ಲೀವನ್ ತನ್ನ ಎಲೆಗಳನ್ನು ಮಡಿಸಿ ಕೆಳಗಿಟ್ಟ, ಪಾಯಸದ ಬಟ್ಟಲು ಮುಂದೆ ಬಂದವನಂತೆ.

"ಕಳ್ಳಾಟ," ಎಂದ.

"ಯಾರಿಗೆ ಹೇಳ್ತಿದೀಯ?" ನಾನು ಎದ್ದು ನಿಂತೆ. "ನನ್ನ ಜೊತೆಗಾರ ಅವರು. ನಿನ್ನ ಹಾಗಲ್ಲ. ಆಡಿದ ಸುತ್ತುಗಳ ಎಲೆಗಳನ್ನ ತಿರುಗಿಸಿ ನೋಡು. ಅವರು ಕಳ್ಳಾಟ ಆಡಿದ್ರೆ ನಾನು ಈ ಪಂದ್ಯದ ಮೇಜಿಗೆ ಮತ್ತೆ ಕೂರಲ್ಲ."

"ಮಿಸ್ ಅರ್ಲೀನ್," ಎಂದು ಹೋಸಿಯಾ ಏನೋ ಹೇಳಲು ಹೋದ.

"ನೀವು ಸುಮ್ನಿರಿ. ನಾನು ನೋಡ್ಕೋತೀನಿ."

ಕ್ಲೀವನ್ ಸುತ್ತುಗಳನ್ನು ಒಂದೊಂದಾಗಿ ತಿರುಗಿಸಿದ. ಹಾರ್ಟಿನ ಎಕ್ಕದ ಮೇಲೆ ಸಣ್ಣ ಇಸ್ಪೀಟು ಕೂತಿತ್ತು. ಪಕ್ಕದಲ್ಲಿ ರಾಣಿಯನ್ನಿಟ್ಟ.

ನನ್ನ ಬಾಯಿಯ ಬಗ್ಗೆ ಕ್ಲೀವನ್ ಹೇಳಿದ್ದು ಸುಳ್ಳಲ್ಲ. ಆ ಹೊತ್ತಿನಲ್ಲಿ ನಾನು ಹೋಸಿಯಾನಿಗೆ ಅಂದದ್ದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಕಳ್ಳ ಎಂದೆ. ಆಸ್ಪತ್ರೆಗೆ ಕಾವಲು ಇಟ್ಟದ್ದು ಕಳ್ಳನನ್ನೇ ಎಂದೆ. ಕೊನೆಗೆ, ಇನ್ನು ಈ ಮುಖ ನನ್ನ ಎದುರಿಗೆ ತರಬೇಡ ಎಂದೆ. ನೀವು ಎನ್ನುವುದು ಯಾವಾಗಲೋ ನೀನು ಆಗಿಹೋಗಿತ್ತು.

ಅವನು ಕೈಯಲ್ಲಿದ್ದ ಎಲೆಗಳನ್ನು ಒಪ್ಪವಾಗಿ ಜೋಡಿಸಿ ಮೇಜಿನ ಮೇಲಿಟ್ಟ. ಎದ್ದು ಕುರ್ಚಿಯನ್ನು ಒಳಕ್ಕೆ ತಳ್ಳಿದ.

"ಆಗ್ಲಿ, ಮಿಸ್ ಅರ್ಲೀನ್," ಎಂದು ಹೊರಟುಹೋದ.

"ನೋಡಿದ್ಯಾ?" ಎಂದ ಕ್ಲೀವನ್. "ಒಂದು ಸಂಜೆ ಕೂಡ ಕೂರ್ಲಿಲ್ಲ."

ನಾನು ನನ್ನ ಎಲೆಗಳನ್ನು ಮೇಜಿನ ಮೇಲೆ ಎಸೆದು ಕೋಣೆಗೆ ಹೋದೆ.

ಮರುದಿನ ಬೆಳಿಗ್ಗೆ ತಿಂಡಿಯ ಕೋಣೆಯಲ್ಲಿ ಎಲ್ಲ ಮೇಜಿನಲ್ಲೂ ಅದೇ ಸುದ್ದಿ. ಹೋಸಿಯಾನ ಭಾಷಣದ ಹೆಸರು 'ಯಾರನ್ನೂ ನಂಬಬೇಡಿ' ಎಂದು ಇತ್ತಂತೆ. ಅದು ಕಂಪ್ಯೂಟರ್ ಕಾಯುವವರ ಪಾಠ. ಆದರೆ ಜನ ಮೆಕ್ಕೆಜೋಳದ ಗ್ರಿಟ್ಸ್ ಗಂಜಿ ತಿನ್ನುತ್ತ ಆ ಹೆಸರು ಓದಿ ಓದಿ ನಗುತ್ತಿದ್ದರು. "ಅನುಭವದ ಮಾತು," ಎಂದ ಒಬ್ಬ. "ಹೋಗೋಣ, ಜೇಬು ಭದ್ರ," ಎಂದ ಇನ್ನೊಬ್ಬ.

ನಾನು ಒಬ್ಬಳೇ ಕೂತಿದ್ದೆ. ಮಿಸ್ ಜೊಯೆಟಾ ತಟ್ಟೆ ತಂದು ನನ್ನ ಮುಂದೆ ಕುಕ್ಕಿದಳು. ಅರವತ್ತು ದಾಟಿದ ಹೆಂಗಸು, ಮೊದಲ ವರ್ಷದಿಂದ ಈ ಸಮ್ಮೇಳನ ಕಟ್ಟಿ ಬೆಳೆಸಿದವಳು. ನನ್ನನ್ನು ಬೈಯಲು ಹೆದರದ ಒಂದೇ ಜೀವ.

"ಖುಷಿಯಾಯ್ತಾ ನಿನ್ಗೆ?" ಎಂದಳು.

"ಕಳ್ಳಾಟ ಆಡಿದ್ದು ಅವನು. ನನ್ನನ್ಯಾಕೆ ಕೇಳ್ತೀರಾ?"

"ಕಳ್ಳಾಟ ಆಡೋಕೆ ಮೊದ್ಲು ಆಟ ಬರಬೇಕು, ಹುಡುಗಿ."

ನನ್ನ ಚಮಚೆ ನಿಂತಿತು.

"ಅಂದ್ರೆ?"

"ಅಂದ್ರೆ ಬರಲ್ಲ. ಅವರಪ್ಪ ಅರ್ಕನ್ಸಾಸಿನಲ್ಲಿ ಪಾದ್ರಿ. ಎಲೆ ಅಂದ್ರೆ ಸೈತಾನನ ಪುಸ್ತಕ ಅಂತಿದ್ನಂತೆ. ಮನೆ ಹೊಸ್ತಿಲು ದಾಟಿಸ್ಲಿಲ್ಲ. ಈ ಮನುಷ್ಯ ಈ ವಾರ ಫೋನಿನಲ್ಲಿ ವೀಡಿಯೊ ನೋಡಿ ಕಲ್ತು ಬಂದಿದಾನೆ. ಇಸ್ಪೀಟು ಹೊಡೆಯೋದು ಅಂದ್ರೆ ಯಾವಾಗ ಬೇಕಾದ್ರೂ ಹೊಡೀಬಹುದು ಅಂದ್ಕೊಂಡಿದ್ನಂತೆ, ಪಾಪ."

"ಮತ್ತೆ ಹಾಗಂತ ಹೇಳ್ಬಾರ್ದಿತ್ತಾ?"

"ಎಲ್ಲಿ? ಅಟ್ಲಾಂಟಾದಲ್ಲಿ, ನಮ್ಮ ಜನರ ನಡುವೆ ನಿಂತು, ತಲೆ ನರೆತ ಗಂಡಸು ನಂಗೆ ಸ್ಪೇಡ್ಸ್ ಬರಲ್ಲ ಅಂತ ಹೇಳ್ಬೇಕಾ? ಅದಕ್ಕಿಂತ ಕಳ್ಳ ಅನ್ನಿಸ್ಕೊಳ್ಳೋದೇ ವಾಸಿ ಅಂದ. ನಂಗೂ ಹಾಗೇ ಅನ್ನಿಸ್ತು."

"ಬರದೇ ಇದ್ರೆ ಪಂದ್ಯಕ್ಕೆ ಯಾಕೆ ಬಂದ?"

ಮಿಸ್ ಜೊಯೆಟಾ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಪಂದ್ಯಕ್ಕೆ ಬರ್ಲಿಲ್ಲ ಅವನು. ನಿನ್ನ ತಂಗಿ ಬರಲ್ಲ ಅಂತ ಹೇಗೋ ತಿಳ್ಕೊಂಡು ನಂಗೆ ಫೋನ್ ಮಾಡಿದ. ಆ ಕುರ್ಚಿ ಕೊಡ್ತೀರಾ ಅಂತ ಕೇಳಿದ. ಆಟ ಬರುತ್ತಾ ಅಂದೆ. ಕಲೀತೀನಿ ಅಂದ. ನಾನು ಮುದುಕಿ, ಮನಸ್ಸು ಕರಗಿತು, ಕೊಟ್ಟೆ."

ಅವಳು ಎದ್ದುಹೋದ ಮೇಲೆ ನಾನು ಹಿಂದಿನ ಸಂಜೆಯ ಆಟವನ್ನು ಮೊದಲಿನಿಂದ ಆಡಿ ನೋಡಿದೆ. ಅವನು ನನ್ನ ಕಿವಿಯ ಹರಳು ನೋಡಿದ್ದ. ಅದು ಡೈಮಂಡ್ ಅಲ್ಲ. ಕಿವಿಯನ್ನು ನೋಡಿದ್ದ, ಅಷ್ಟೆ. ನೋಟ ಕೂಡಿದಾಗ ಕಣ್ಣು ತಗ್ಗಿಸಿದ್ದ. ಕೈ ಬರಿದು ಎಂದಲ್ಲ. ನಾಚಿಕೊಂಡಿದ್ದ. ಎದೆಯ ಮೇಲೆ ಕೈಯಿಟ್ಟದ್ದು ಹಾರ್ಟಿಗಾಗಿ ಅಲ್ಲ. ಅವನಿಗೆ ಉಸಿರು ಕಟ್ಟಿತ್ತು. ಒಂದೊಂದು ನೋಟವನ್ನೂ ನಾನು ಎಲೆ ಎಂದು ಓದಿಕೊಂಡು ಇಳಿಸಿ ಗೆದ್ದುಬಿಟ್ಟಿದ್ದೆ. ಆ ಮನುಷ್ಯ ಒಂದೇ ಒಂದು ಸನ್ನೆಯನ್ನೂ ಮಾಡಿರಲಿಲ್ಲ.

ಗ್ರಿಟ್ಸ್ ಆರಿ ಗಟ್ಟಿಯಾಗಿತ್ತು. ನಾನು ಎದ್ದೆ.

ಬೈದದ್ದು ಮೂರು ಸಾಲು ಜನರ ಮುಂದೆ. ತಪ್ಪೊಪ್ಪಿಗೆಯನ್ನು ಲಿಫ್ಟಿನ ಮೂಲೆಯಲ್ಲಿ ಪಿಸುಗುಟ್ಟಿ ಮುಗಿಸುವ ಬುದ್ಧಿ ನನ್ನದಲ್ಲ. ಆದರೆ ಒಂದು ತೊಡಕಿತ್ತು. ಅವನು ಕಳ್ಳನಲ್ಲ ಎಂದು ಹೇಳಬೇಕಾದರೆ ಅವನಿಗೆ ಆಟ ಬರುವುದಿಲ್ಲ ಎಂದು ಹೇಳಬೇಕು. ಅದನ್ನು ಮುಚ್ಚಿಡುವುದಕ್ಕೇ ಅವನು ಕಳ್ಳನೆನ್ನಿಸಿಕೊಂಡು ಹೋಗಿದ್ದ. ಭಾಷಣದ ಸಭಾಂಗಣದ ಬಾಗಿಲಿಗೆ ಬರುವಷ್ಟರಲ್ಲಿ ನಾನು ಬೇರೆ ದಾರಿ ಹುಡುಕಿಕೊಂಡಿದ್ದೆ.

ಸಭಾಂಗಣ ತುಂಬಿತ್ತು. ಅರ್ಧ ಜನ ಪಾಠ ಕೇಳಲು, ಅರ್ಧ ಜನ ತಮಾಷೆ ನೋಡಲು. ಹೋಸಿಯಾ ಅದೇ ಸೂಟಿನಲ್ಲಿ ನಿಂತು ನಿಧಾನವಾಗಿ, ಸ್ಪಷ್ಟವಾಗಿ ಮಾತಾಡಿದ. ಆಸ್ಪತ್ರೆಯ ಕಂಪ್ಯೂಟರು ನಿಂತರೆ ಮೊದಲು ಸಾಯುವವರು ಯಾರು ಎಂದು ಹೇಳಿದಾಗ ತಮಾಷೆಯವರೂ ಸುಮ್ಮನಾದರು. ನನ್ನನ್ನು ಅವನು ನೋಡಲಿಲ್ಲ. ಹಿಂದಿನ ಸಂಜೆ ನನ್ನ ಮೇಲಿನಿಂದ ಏಳದ ಕಣ್ಣು ಆ ಬೆಳಿಗ್ಗೆ ನಾನು ಕೂತ ಸಾಲನ್ನು ದಾಟಿ ದಾಟಿ ಹೋಗುತ್ತಿತ್ತು. ಎದುರಿಗೆ ಮುಖ ತರಬೇಡ ಎಂದಿದ್ದೆನಲ್ಲ, ಅದನ್ನು ಪಾಲಿಸುತ್ತಿದ್ದ.

ಪ್ರಶ್ನೆಗಳ ಸಮಯ ಬಂತು. ಮೊದಲು ಮೈಕಿನ ಮುಂದೆ ನಿಂತವನು ಬೂಕರ್.

"ಬ್ರದರ್ ಟಾಲಿವರ್, ಯಾರನ್ನೂ ನಂಬಬೇಡಿ ಅಂದ್ರಿ. ಸರಿ. ನಿಮ್ಮನ್ನ?"

ಸಭೆ ನಕ್ಕಿತು. ಹೋಸಿಯಾ ನೀರಿನ ಲೋಟವನ್ನು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಸರಿಸಿದ. "ಒಳ್ಳೆ ಪ್ರಶ್ನೆ," ಎಂದ. ಅಷ್ಟೇ ಅಂದ.

ನಾನು ಬೂಕರನನ್ನು ಮೊಣಕೈಯಲ್ಲಿ ಸರಿಸಿ ಮೈಕ್ ಹಿಡಿದೆ.

"ಅಲಬಾಮಾದ ಅರ್ಲೀನ್ ಪೆಟ್‌ವೇ. ನನ್ನದು ಪ್ರಶ್ನೆ ಅಲ್ಲ."

"ಅಮ್ಮ, ಪ್ರಶ್ನೆ ಇದ್ರೆ ಮಾತ್ರ," ಎಂದಳು ಸಭೆ ನಡೆಸುತ್ತಿದ್ದ ಹೆಂಗಸು.

"ಪ್ರಶ್ನೆ ಕೊನೇಲಿ ಬರುತ್ತೆ, ಕಾಯಿರಿ," ಎಂದೆ. "ನಿನ್ನೆ ಈ ಮನುಷ್ಯನನ್ನ ಕಳ್ಳ ಅಂದೋಳು ನಾನು. ಇಲ್ಲಿರೋರೆಲ್ಲ ಕೇಳಿದೀರಿ. ಈಗ ಇದನ್ನೂ ಕೇಳಿ. ಕಳ್ಳಾಟ ನನ್ನದು. ಇಸ್ಪೀಟು ಹೊಡಿ ಅಂತ ಸನ್ನೆ ಮಾಡಿದ್ದು ನಾನು. ಎದುರಿಗೆ ಕೂತೋರು ನಾನು ಹೇಳಿದ ಹಾಗೆ ಮಾಡಿದ್ರು. ಬೈಯೋದಿದ್ರೆ ನನ್ನ ಬೈರಿ."

ಚರ್ಚಿನಲ್ಲಿ ಕೇಳುವಂಥ ಒಂದು 'ಹ್ಞೂಂ' ಸಭಾಂಗಣದ ಈ ಕೊನೆಯಿಂದ ಆ ಕೊನೆಗೆ ಹೋಯಿತು. ಹಿಂದಿನ ಸಾಲಿನಲ್ಲಿ ಕ್ಲೀವನ್ ಎದ್ದು ನಿಂತಿದ್ದ. ಅವನ ಬಾಯಿ ತೆರೆದೇ ಇತ್ತು. ಬದುಕಿನಲ್ಲಿ ನಾನೊಮ್ಮೆಯೂ ಕಳ್ಳಾಟ ಆಡಿದವಳಲ್ಲ ಎಂದು ಆ ಸಭೆಯಲ್ಲಿ ಚೆನ್ನಾಗಿ ಗೊತ್ತಿದ್ದವನು ಅವನೊಬ್ಬನೇ.

"ಇಲ್ಲ," ಎಂದ ಹೋಸಿಯಾ.

"ಸುಮ್ನಿರಿ ನೀವು," ಎಂದೆ.

"ನಿನ್ನೆ ಸುಮ್ನಿದ್ದೆ. ಇವತ್ತು ಇರಲ್ಲ, ಮಿಸ್ ಅರ್ಲೀನ್." ಅವನು ಮೈಕಿನ ಹತ್ತಿರ ಬಾಗಿದ. "ಇವರು ಯಾವ ಸನ್ನೆನೂ ಮಾಡ್ಲಿಲ್ಲ. ನನಗೆ ಸ್ಪೇಡ್ಸ್ ಬರಲ್ಲ."

ಕಳ್ಳ ಎಂದಾಗ ನಕ್ಕಿದ್ದ ಜನ ಈಗ ಎದೆಯ ಮೇಲೆ ಕೈಯಿಟ್ಟುಕೊಂಡರು. "ಅಯ್ಯೋ ದೇವ್ರೇ," ಎಂದಿತು ಒಂದು ಮುದಿ ದನಿ. ಯಾರೋ ಸಾವಿನ ಮನೆಯಲ್ಲಿ ಮಾತಾಡಿಸುವಂತೆ ಮೆತ್ತಗೆ ಕೇಳಿದರು: "ಏನೂ ಬರಲ್ವಾ, ಬ್ರದರ್?"

"ಏನೂ ಬರಲ್ಲ. ಹೋದ ವಾರದವರೆಗೂ ಕಳಾವರ ಯಾವುದು, ಇಸ್ಪೀಟು ಯಾವುದು ಅಂತ ಗೊತ್ತಿರ್ಲಿಲ್ಲ."

"ಮತ್ತೆ ಎರಡು ಆಟ ಹೇಗೆ ಗೆದ್ರಿ?" ಡೆಟ್ರಾಯಿಟಿನ ಹುಡುಗಿಯ ದನಿ ಅದು. ಅವಳ ಹೊಟ್ಟೆ ಉರಿದಿರಬೇಕು.

"ಅದು ನಂಗೂ ಅರ್ಥ ಆಗಿಲ್ಲ."

"ಬರದೇ ಇರೋನು ಆ ಮೇಜಿಗೆ ಯಾಕೆ ಕೂತೆ?" ಕ್ಲೀವನ್ ಹಿಂದಿನಿಂದ ಕೂಗಿ ಕೇಳಿದ.

ಹೋಸಿಯಾ ಆಗ ನನ್ನನ್ನು ನೋಡಿದ. ಅಷ್ಟು ಜನರ ನಡುವೆ, ಅಷ್ಟು ದೂರದಿಂದ.

"ಎರಡು ವರ್ಷದಿಂದ ಆ ಮೇಜಿನ ಪಕ್ಕದಲ್ಲಿ ನಿಂತು ನೋಡಿದೀನಿ," ಎಂದ. "ಇವರು ಬೈತಾರೆ, ನಗ್ತಾರೆ, ಸೋತವರಿಗೆ ತಟ್ಟೆ ತುಂಬಾ ಊಟ ಹಾಕಿ ಕೊಡ್ತಾರೆ. ಪಕ್ಕದಲ್ಲಿ ನಿಂತ್ರೆ ಅರ್ಧ ಮುಖ ಕಾಣುತ್ತೆ. ಪೂರ್ತಿ ಮುಖ ಕಾಣೋದು ಎದುರಿನ ಕುರ್ಚಿಯಿಂದ ಮಾತ್ರ. ಅಲ್ಲಿ ಕೂತು ಎಷ್ಟು ಹೊತ್ತು ನೋಡಿದ್ರೂ, ಯಾಕಯ್ಯಾ ನೋಡ್ತೀಯ ಅಂತ ಯಾರೂ ಕೇಳಲ್ಲ. ಅದಕ್ಕೆ ಕೂತೆ."

ಯಾರೋ ಬೀಸಣಿಗೆಯಂತೆ ಕಾಗದ ಬೀಸಿಕೊಳ್ಳಲು ಶುರುಮಾಡಿದರು. "ಹೇಳು, ಬ್ರದರ್, ಹೇಳು," ಎಂದಿತು ಒಂದು ದನಿ. "ಅವನು ಹೇಳಿ ಆಯ್ತು. ಈಗ ಅವಳು ಹೇಳ್ಬೇಕು," ಎಂದಿತು ಇನ್ನೊಂದು. ಅದು ಮಿಸ್ ಜೊಯೆಟಾ.

ಕೌಂಟಿಯ ಅಧಿಕಾರಿಗಳನ್ನು ನಿಲ್ಲಿಸಿ ಬೈದ ಬಾಯಿ, ಗಂಡನನ್ನು ಕಾರಿನವರೆಗೆ ಬೈದು ಕಳಿಸಿದ ಬಾಯಿ, ಒಂದು ಮಾತಿಲ್ಲದೆ ನಿಂತಿತ್ತು.

"ಅಮ್ಮ, ಪ್ರಶ್ನೆ ಕೊನೇಲಿ ಬರುತ್ತೆ ಅಂದಿದ್ರಿ," ಎಂದಳು ಸಭೆ ನಡೆಸುವವಳು. ಈಗ ಅವಳಿಗೂ ಅವಸರವಿರಲಿಲ್ಲ.

"ಹ್ಞೂಂ," ಎಂದೆ. "ಪ್ರಶ್ನೆ ಇದೆ. ನನ್ನ ಬಾಯಿ ಹೇಗಿದೆ ಅಂತ ಗೊತ್ತಾ ನಿಮಗೆ?"

"ನಿನ್ನೆ ಪೂರ್ತಿ ಗೊತ್ತಾಯ್ತು."

"ಅದು ಇನ್ನೂ ಬೀಳುತ್ತೆ ನಿಮ್ಮ ಮೇಲೆ. ನನ್ನ ಕೈಲಿಲ್ಲ ಅದು."

"ಬೀಳ್ಲಿ."

"ನಿನ್ನೆ ಎದ್ದು ಹೋದ್ರಲ್ಲ."

"ನೀವು ಹೋಗು ಅಂದ್ರಿ, ಹೋದೆ. ಕೂರು ಅಂದ್ರೆ ಕೂರ್ತೀನಿ. ನೀವು ಇನ್ನೂ ಅಂದಿಲ್ಲ."

ಇಡೀ ಸಭೆ ನನ್ನ ಕಡೆ ತಿರುಗಿತು. ಕ್ಲೀವನ್ ಕೂಡ. ಅವನ ಮುಖ ನೋಡಿದೆ, ಯಾಕೋ ಸಿಟ್ಟು ಬರಲಿಲ್ಲ. ಪಾಪ, ನಿಂತೇ ಇದ್ದ, ಕೂರಲು ಮರೆತಿದ್ದ.

"ಭಾಷಣ ಮುಗಿಸಿ ಬಾ," ಎಂದೆ ಮೈಕಿನಲ್ಲಿ. "ಕೆಳಗೆ ಕಾಫಿ ಅಂಗಡೀಲಿ ಇರ್ತೀನಿ. ಬಂದು ಕೂರು."

ಆ ಸಮ್ಮೇಳನದಲ್ಲಿ ದೊಡ್ಡ ದೊಡ್ಡವರ ಭಾಷಣಕ್ಕೆ ಬಿದ್ದ ಚಪ್ಪಾಳೆಯನ್ನು ನಾನು ಕೇಳಿದ್ದೇನೆ. ಅವತ್ತು ಬಿದ್ದಷ್ಟು ಯಾರಿಗೂ ಬಿದ್ದಿರಲಿಲ್ಲ.

ಅವನು ಬಂದ. ಟೈ ಬಿಚ್ಚಿ ಜೇಬಿಗೆ ಹಾಕಿಕೊಂಡಿದ್ದ. ಮಧ್ಯಾಹ್ನದ ವಿಮಾನಕ್ಕೆ ಟಿಕೆಟ್ಟಿತ್ತು, ಅದನ್ನು ಭಾನುವಾರಕ್ಕೆ ಬದಲಿಸಿಕೊಂಡೆ ಎಂದ, ಏನೋ ತಪ್ಪು ಮಾಡಿದವನಂತೆ. ಸಣ್ಣ ದುಂಡು ಮೇಜು. ಅವನ ಮೊಣಕಾಲು ಅದರಡಿ ಹಿಡಿಸುತ್ತಿರಲಿಲ್ಲ. ಹೇಗೋ ಮಡಿಸಿಕೊಂಡು ನನ್ನ ಎದುರಿಗೆ ಕೂತ.

"ಆ ಸಭೇಲಿ ಅಷ್ಟು ಜನರ 'ಅಯ್ಯೋ ಪಾಪ' ಕೇಳ್ಬೇಕಾಗಿ ಬಂತು," ಎಂದೆ. "ನಾಚಿಕೆ ಆಯ್ತಾ?"

"ಆಯ್ತು. ಆಮೇಲೆ ಹೋಯ್ತು. ಒಬ್ಬ ಮುದುಕಮ್ಮ ಬಂದು ಕೈ ಹಿಡ್ಕೊಂಡು ನಿನಗೋಸ್ಕರ ಪ್ರಾರ್ಥನೆ ಮಾಡ್ತೀನಪ್ಪ ಅಂದ್ರು."

ನಾನು ನಕ್ಕೆ. ಜೋರಾಗಿಯೇ ನಕ್ಕೆ. ಅವನೂ ನಕ್ಕ, ಮೊದಲು ಕಣ್ಣು, ಆಮೇಲೆ ಗಡ್ಡ, ಆಮೇಲೆ ಭುಜ.

"ಮಿಸ್ ಅರ್ಲೀನ್," ಎಂದ ಸ್ವಲ್ಪ ಹೊತ್ತಿನ ಮೇಲೆ. "ಒಂದು ಕೇಳ್ಲಾ? ಭಾನುವಾರದೊಳಗೆ ನನಗೆ ಆ ಆಟ ಕಲಿಸ್ಬೇಕು ನೀವು. ಸರಿಯಾಗಿ. ಮುಂದಿನ ವರ್ಷ ನಿಮ್ಮ ಮಾನ ಉಳಿಸ್ತೀನಿ."

ನಾನು ಕಾಫಿಯ ಲೋಟ ಕೆಳಗಿಟ್ಟೆ. ಕ್ಲೀವನ್‌ಗೆ ಆಟ ಬರುತ್ತಿತ್ತು. ಎಷ್ಟು ವರ್ಷ ನನ್ನ ಎದುರಿಗೆ ಕೂತು ಆಡಿದ, ಒಂದು ಎಲೆ ತಪ್ಪು ಹಾಕಿದವನಲ್ಲ. ಕೈಯಲ್ಲಿದ್ದ ಎಲೆಯಿಂದ ಕಣ್ಣು ಎತ್ತಿದವನೂ ಅಲ್ಲ.

"ಕಲಿಸಲ್ಲ," ಎಂದೆ.

"ಯಾಕೆ?"

"ಕಲ್ತುಬಿಟ್ರೆ ಎಲೆ ನೋಡ್ತಾ ಕೂರ್ತೀಯ."